ಗ್ಯಾಲಿಪೊಲಿಗೆ ಹೋಗುವವರಿಗೆ ಒಬ್ಬ ಎಟಿ ಹವಾಲ್ದಾರನ ಮಾತು

ನಾನು ಅರಕಲಗೂಡು ಕಡೆಯವನು. ಸೈನ್ಯದಲ್ಲಿ 22 ವರ್ಷ ಇದ್ದು ಹವಾಲ್ದಾರನಾಗಿ ನಿವೃತ್ತನಾದೆ. ಸೈನ್ಯಕ್ಕೆ ಸರಕು ಸಾಗಿಸುವ ಎಎಸ್‌ಸಿಯವನು, ಅದರಲ್ಲೂ ಎಟಿ ಕಂಪನಿ. ಎಟಿ ಅಂದರೆ ಹೇಸರಗತ್ತೆಗಳ ಕಂಪನಿ. ನಾವು ಅವನ್ನು ಖಚ್ಚರ್ ಅಂತಲೇ ಕರೆಯುತ್ತಿದ್ದೆವು. ಗಾಡಿ ಹೋಗದ ಗುಡ್ಡದ ಪೋಸ್ಟ್‌ಗಳಿಗೆ ನೀರು, ಹಿಟ್ಟು, ಸೀಮೆಎಣ್ಣೆ, ಗುಂಡು ಎಲ್ಲ ಅವುಗಳ ಬೆನ್ನ ಮೇಲೆ ಹೋಗುತ್ತಿತ್ತು. ತರಬೇತಿಯ ದಿನಗಳಲ್ಲಿ ನಮ್ಮ ಉಸ್ತಾದರು ಒಂದು ಮಾತು ಹೇಳಿದ್ದರು. 1915ರಲ್ಲಿ ನಮ್ಮ ಖಚ್ಚರ್‌ಗಳು ತುರ್ಕಿಯ ಗ್ಯಾಲಿಪೊಲಿಯಲ್ಲಿ ಗುಂಡಿನ ಮಳೆಯಲ್ಲಿ ನೀರು ಹೊತ್ತಿದ್ದವು ಅಂತ. ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿಯಿತು. 2018ರ ಅಕ್ಟೋಬರ್‌ನಲ್ಲಿ ಒಬ್ಬನೇ ಹೋದೆ. 2024ರ ಏಪ್ರಿಲ್‌ನಲ್ಲಿ ಮೆಲ್ಬರ್ನ್‌ನಲ್ಲಿರುವ ಮಗಳ ಜೊತೆ ಮತ್ತೆ ಹೋದೆ. ಹೋಗಬೇಕು ಅನ್ನುವವರಿಗೆ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಯುದ್ಧದ ಕತೆ ಚಿಕ್ಕದಾಗಿ. ಮೊದಲ ಮಹಾಯುದ್ಧದಲ್ಲಿ ಆಟೊಮನ್ ತುರ್ಕಿ ಜರ್ಮನಿಯ ಕಡೆ ಇತ್ತು. ಬ್ರಿಟನ್ ಮತ್ತು ಫ್ರಾನ್ಸ್‌ಗೆ ಡಾರ್ಡನೆಲ್ಸ್ ಜಲಸಂಧಿ ದಾಟಿ ಇಸ್ತಾಂಬುಲ್ ಹಿಡಿಯಬೇಕಿತ್ತು, ರಷ್ಯಾಕ್ಕೆ ದಾರಿ ತೆರೆಯಬೇಕಿತ್ತು. 1915ರ ಮಾರ್ಚ್ 18ರಂದು ಯುದ್ಧನೌಕೆಗಳು ನುಗ್ಗಿದವು. ನುಸ್ರೆತ್ ಅನ್ನುವ ಪುಟ್ಟ ತುರ್ಕಿ ಹಡಗು ಹತ್ತು ದಿನ ಮೊದಲೇ ರಾತ್ರೋರಾತ್ರಿ 26 ಸಿಡಿಗುಂಡುಗಳನ್ನು ನೀರಲ್ಲಿ ಇಳಿಸಿ ಹೋಗಿತ್ತು. ಮಾರ್ಚ್ 18ರಂದೇ ಮೂರು ದೊಡ್ಡ ನೌಕೆ ಮುಳುಗಿದವು. ಆಮೇಲೆ ಏಪ್ರಿಲ್ 25ರಂದು ಜಲಸಂಧಿಯ ಪಕ್ಕದ ಗ್ಯಾಲಿಪೊಲಿ ಪರ್ಯಾಯ ದ್ವೀಪದ ದಡಕ್ಕೆ ಸೈನಿಕರನ್ನು ಇಳಿಸಿದರು. ಎಂಟು ತಿಂಗಳು ಕಾದಾಡಿ, 1916ರ ಜನವರಿ 9ರ ಹೊತ್ತಿಗೆ ಎಲ್ಲರೂ ವಾಪಸ್ ಹೋದರು. ಆಟೊಮನ್ ಕಡೆ 86,000ಕ್ಕೂ ಹೆಚ್ಚು, ಎದುರು ಕಡೆ ಸುಮಾರು 44,000 ಮಂದಿ ಸತ್ತರು. ಆ 44,000ದಲ್ಲಿ ನಮ್ಮವರೂ ಇದ್ದಾರೆ. ಪಂಜಾಬಿಗಳು, ಸಿಖ್ಖರು, ಗೂರ್ಖಾಗಳು, ಖಚ್ಚರ್ ಹೊಡೆಯುವವರು.

ಹೊರಡುವ ಮುಂಚೆ

ಮೊದಲು ಬೆಂಗಳೂರಿನಲ್ಲೇ ಒಂದು ಕೆಲಸ ಮಾಡಿ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಅಲ್ಲಿ ಹತ್ತು ನಿಮಿಷ ನಿಂತು ಬನ್ನಿ. ಮೈಸೂರಿನ ಈ ಕುದುರೆ ಪಡೆ ಗ್ಯಾಲಿಪೊಲಿಗೆ ಹೋಗಲಿಲ್ಲ. ಆದರೆ ಅದೇ ಯುದ್ಧದಲ್ಲಿ, ಅದೇ ಆಟೊಮನ್ ಸೈನ್ಯದ ಎದುರು, ಈಜಿಪ್ಟ್ ಮತ್ತು ಪ್ಯಾಲೆಸ್ತೀನ್‌ನಲ್ಲಿ ಕಾದಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಊರನ್ನು ಗೆದ್ದಿತು. ದೆಹಲಿಯ ತೀನ್‌ಮೂರ್ತಿಯಲ್ಲಿರುವ ಮೂರು ವಿಗ್ರಹಗಳಲ್ಲಿ ಒಂದು ನಮ್ಮ ಮೈಸೂರಿನವರದು. ತುರ್ಕಿಯವರು ನಮಗೆ ದೂರದ ಯಾರೋ ಅಲ್ಲ, ಒಂದು ಕಾಲಕ್ಕೆ ಎದುರು ನಿಂತವರು. ಇದು ಮನಸ್ಸಿನಲ್ಲಿದ್ದರೆ ಅಲ್ಲಿ ಪ್ರವಾಸಿಯ ಥರ ಓಡಾಡುವುದಿಲ್ಲ.

ಎರಡನೆಯದು, ಹೆಸರು ಹುಡುಕುವುದು. ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿ ಹೆಲೆಸ್ ಮೆಮೋರಿಯಲ್ ಅಂತ ಹಾಕಿ, ಭಾರತೀಯ ಸೈನ್ಯ ಅಂತ ಆರಿಸಿ. ರೆಜಿಮೆಂಟ್ ಪ್ರಕಾರ ಹೆಸರು ಸಿಗುತ್ತವೆ. ತಂದೆಯ ಹೆಸರು, ಹಳ್ಳಿಯ ಹೆಸರು ಎಷ್ಟೋ ಕಡೆ ಇರುತ್ತದೆ. ಯಾವ ಫಲಕದಲ್ಲಿ ಕೆತ್ತಿದ್ದಾರೆ ಅನ್ನುವ ಸಂಖ್ಯೆಯೂ ಇರುತ್ತದೆ. ಹತ್ತು ಹೆಸರು ಸಾಕು. ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ, ಓದುವಾಗ ತಡವರಿಸುವುದಿಲ್ಲ. ಅಲ್ಲಿ ಹೋದ ಮೇಲೆ ಹುಡುಕುತ್ತೇನೆ ಅಂದುಕೊಳ್ಳಬೇಡಿ. 20,000ಕ್ಕೂ ಹೆಚ್ಚು ಹೆಸರಿರುವ ಗೋಡೆ ಅದು. ಮೊದಲ ಸಲ ನಾನು ಬರಿಗೈಯಲ್ಲಿ ಹೋಗಿದ್ದೆ. ಬಿಸಿಲಲ್ಲಿ ಒಂದೂವರೆ ಗಂಟೆ ಸುತ್ತಿದೆ.

ಭಾರತದ ಪಾಸ್‌ಪೋರ್ಟ್‌ಗೆ ತುರ್ಕಿ ವೀಸಾ ಬೇಕು. ಅದನ್ನು ಬೇಗ ಮಾಡಿಸಿಕೊಳ್ಳಿ.

ತಲುಪುವುದು, ಉಳಿಯುವುದು

ಇಸ್ತಾಂಬುಲ್‌ನಿಂದ ಜಲಸಂಧಿಯ ದಡದ ಚನಾಕ್ಕಲೆ ಊರಿಗೆ ಬಸ್ಸಿದೆ. ಅರ್ಧ ದಿನ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಈಗ ಜಲಸಂಧಿಯ ಮೇಲೆ ದೊಡ್ಡ ತೂಗುಸೇತುವೆ ಆಗಿದೆ. 2022ರ ಮಾರ್ಚ್ 18ರಂದು ತೆರೆದರು. ಹೆಸರೇ 1915 ಚನಾಕ್ಕಲೆ ಸೇತುವೆ. ನಡುವಿನ ಅಂತರ 2,023 ಮೀಟರ್, ತುರ್ಕಿ ಗಣರಾಜ್ಯಕ್ಕೆ ನೂರು ತುಂಬಿದ ವರ್ಷದ ಲೆಕ್ಕ. ಕಂಬದ ಎತ್ತರ 318 ಮೀಟರ್, ಮೂರನೇ ತಿಂಗಳ ಹದಿನೆಂಟರ ಲೆಕ್ಕ. ಆ ಜನ ಈ ದಿನವನ್ನು ಎಷ್ಟು ಎದೆಯಲ್ಲಿಟ್ಟುಕೊಂಡಿದ್ದಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಸೇತುವೆ ಇದ್ದರೂ ನೀವು ಫೆರಿಯಲ್ಲಿ ದಾಟಿ. ಚನಾಕ್ಕಲೆಯಿಂದ ಎದುರು ದಡದ ಎಜೆಆಬಾತ್‌ಗೆ ಅರ್ಧ ಗಂಟೆಯೂ ಇಲ್ಲ. ಎದುರು ಗುಡ್ಡದ ಮೇಲೆ ಒಬ್ಬ ಸೈನಿಕನ ದೊಡ್ಡ ಚಿತ್ರ ಕಾಣುತ್ತದೆ, ಪಕ್ಕದಲ್ಲಿ ದಾರಿಹೋಕನೇ ನಿಲ್ಲು ಅನ್ನುವ ಅಕ್ಷರಗಳು. ಉಳಿಯಲು ಎಜೆಆಬಾತ್ ಒಳ್ಳೆಯದು. ಚಿಕ್ಕ ಊರು, ಕೆಲವು ಹೋಟೆಲ್, ಬೆಳಿಗ್ಗೆ ಬೇಗ ಹೊರಡಬಹುದು.

ಕನಿಷ್ಠ ಎರಡು ಪೂರ್ತಿ ದಿನ ಬೇಕು. ಇದನ್ನು ಒತ್ತಿ ಹೇಳುತ್ತೇನೆ. ಯುದ್ಧ ನಡೆದ ಜಾಗ ಒಂದಲ್ಲ. ದಕ್ಷಿಣದ ತುದಿಯಲ್ಲಿ ಹೆಲೆಸ್, ಪಶ್ಚಿಮ ದಡದಲ್ಲಿ ಆನ್‌ಜಾಕ್, ಅದರ ಉತ್ತರಕ್ಕೆ ಸುವ್ಲಾ. 2018ರಲ್ಲಿ ನಾನು ಹತ್ತಿದ ಪ್ರವಾಸದ ವ್ಯಾನು ಆನ್‌ಜಾಕ್ ಮಾತ್ರ ತಿರುಗಿಸಿ ಸಂಜೆ ತಂದು ಬಿಟ್ಟಿತು. ಹೆಲೆಸ್ ಯಾವಾಗ ಅಂತ ಕೇಳಿದರೆ, ಅದು ಇದರಲ್ಲಿಲ್ಲ ಅಂದರು. ನಮ್ಮವರ ಹೆಸರಿರುವ ಗೋಡೆ ಇರುವುದೇ ಹೆಲೆಸ್‌ನಲ್ಲಿ! ಮಾರನೇ ದಿನ ಟ್ಯಾಕ್ಸಿ ಮಾಡಿಕೊಂಡು ಹೋದೆ. ಹಣ ಕೊಡುವ ಮುಂಚೆ ಹೆಲೆಸ್ ಸ್ಮಾರಕ ಇದೆಯಾ ಅಂತ ಕೇಳಿ. ಅಳಿಯಂದಿರೋ ಮಗಳೋ ಗಾಡಿ ಓಡಿಸುವವರಿದ್ದರೆ ಬಾಡಿಗೆ ಕಾರೇ ಸರಿ.

ಮೊದಲ ದಿನ ಹೆಲೆಸ್

ನನ್ನ ದಾರಿ ಬೇರೆಯವರಿಗಿಂತ ಸ್ವಲ್ಪ ಬೇರೆ. ನಾನು ಮೊದಲು ತುರ್ಕಿಯವರ ಸಮಾಧಿಗೆ ಹೋಗುತ್ತೇನೆ. ಯಾರ ಮನೆಗೆ ಹೋಗಿದ್ದೇವೋ ಅವರ ಸತ್ತವರಿಗೆ ಮೊದಲು ಕೈ ಮುಗಿಯಬೇಕು ಅನ್ನುವುದು ನನ್ನ ತಾಯಿ ಕಲಿಸಿದ್ದು. ಮತ್ತೆ ಇವರು ತಮ್ಮ ಮಣ್ಣಿನ ಮೇಲೆ ನಿಂತು ಸತ್ತವರು. ನಾವು ಹೋದದ್ದು ಬ್ರಿಟಿಷರ ಹುಕುಮಿನ ಮೇಲೆ.

ಹಾಗಾಗಿ ಬೆಳಿಗ್ಗೆ ನೇರವಾಗಿ ಶೆಹಿತ್ಲೆರ್ ಆಬಿದೆಸಿಗೆ ಹೋಗಿ. ಶೆಹಿತ್ ಅಂದರೆ ನಮ್ಮ ಶಹೀದ್, ಅದೇ ಪದ. ನಾಲ್ಕು ಕಾಲಿನ ಮೇಲೆ ನಿಂತ ಕಲ್ಲಿನ ಸ್ಮಾರಕ, 41.7 ಮೀಟರ್ ಎತ್ತರ, 1960ರಲ್ಲಿ ತೆರೆದದ್ದು. ಹತ್ತಿರದಲ್ಲೇ ಸುಮಾರು 59,000 ಹೆಸರುಗಳನ್ನು ಊರಿನ ಸಮೇತ ಬರೆದಿಟ್ಟಿದ್ದಾರೆ. ಓದಲು ಕಷ್ಟವಿಲ್ಲ. ಅಹ್ಮೆತ್, ಹುಸೇಯಿನ್, ಇಬ್ರಾಹಿಂ. ನಮ್ಮ ಊರಿನ ಸಂತೆಯಲ್ಲೂ ಕೇಳುವ ಹೆಸರುಗಳು. ಊರುಗಳನ್ನೂ ನೋಡಿ. ಹಲೆಪ್ ಅಂತ ಕಂಡರೆ ಅದು ಇವತ್ತಿನ ಸಿರಿಯಾದ ಅಲೆಪ್ಪೊ. ಆಟೊಮನ್ ಸೈನ್ಯದಲ್ಲೂ ದೂರದೂರದ ಜನ ಇದ್ದರು. ಮುಂದೆ ತುರ್ಕಿ ಗಣರಾಜ್ಯ ಕಟ್ಟಿ ಅತಾತುರ್ಕ್ ಅನಿಸಿಕೊಂಡ ಮುಸ್ತಫಾ ಕೆಮಾಲ್ ಅವರ 19ನೇ ಡಿವಿಜನ್‌ನ ಮೂರು ರೆಜಿಮೆಂಟ್‌ಗಳಲ್ಲಿ ಎರಡರಲ್ಲಿ ಅರಬರೇ ಜಾಸ್ತಿ.

ಅಲ್ಲಿಂದ ಹತ್ತಿರದಲ್ಲೇ ಫ್ರೆಂಚರ ಸಮಾಧಿ. ಕಪ್ಪು ಕಬ್ಬಿಣದ ಶಿಲುಬೆಗಳ ಸಾಲು. ಸೆನೆಗಲ್ ಕಡೆಯಿಂದ ಕರೆತಂದ ಆಫ್ರಿಕಾದ ಸೈನಿಕರೂ ಇಲ್ಲಿ ಫ್ರಾನ್ಸ್‌ಗಾಗಿ ಸತ್ತರು. ನಮ್ಮ ಕತೆಗೆ ಹತ್ತಿರದ ಕತೆ ಅವರದು.

ಆಮೇಲೆ ಸೆದ್ದುಲ್‌ಬಹಿರ್ ಹಳ್ಳಿಯ ವಿ ಬೀಚ್. ಇಲ್ಲಿ ನಿಧಾನ ಮಾಡಿ. ಕೆಳಗೆ ದಡದಲ್ಲಿ ಬ್ರಿಟಿಷ್ ಸಮಾಧಿಗಳು, ಮೇಲೆ ದಿಣ್ಣೆಯಲ್ಲಿ ಯಾಹ್ಯಾ ಚಾವುಶ್ ಅವರ ಸ್ಮಾರಕ. ಚಾವುಶ್ ಅಂದರೆ ಸಾರ್ಜೆಂಟ್, ನಮ್ಮ ಹವಾಲ್ದಾರನಿಗೆ ಸಮ. ಏಪ್ರಿಲ್ 25ರಂದು ರಿವರ್ ಕ್ಲೈಡ್ ಅನ್ನುವ ಕಲ್ಲಿದ್ದಲು ಹಡಗನ್ನು ದಡಕ್ಕೆ ಗುದ್ದಿಸಿ ಅದರ ಹೊಟ್ಟೆಯಿಂದ ಸೈನಿಕರನ್ನು ಇಳಿಸಲು ನೋಡಿದರು. ಮೇಲೆ ಯಾಹ್ಯಾ ಚಾವುಶ್ ಜೊತೆ ಇದ್ದ ತುರ್ಕಿ ಸೈನಿಕರು ಎಷ್ಟೋ ಕಡಿಮೆ. ಕೆಳಗೆ ನಿಂತು ಮೇಲೆ ನೋಡಿ, ಮೇಲೆ ಹತ್ತಿ ಕೆಳಗೆ ನೋಡಿ. ಎರಡನ್ನೂ ಮಾಡಿ. ಕೆಳಗಿನಿಂದ ನೋಡಿದರೆ ಬಚಾವಾಗುವ ದಾರಿಯೇ ಕಾಣುವುದಿಲ್ಲ. ಮೇಲಿನಿಂದ ನೋಡಿದರೆ ಸಮುದ್ರ ತುಂಬ ಹಡಗು ಬರುವಾಗ ಆ ಬೆರಳೆಣಿಕೆಯ ಜನಕ್ಕೆ ಹೇಗಾಗಿರಬೇಕು ಅನಿಸುತ್ತದೆ.

ಕೊನೆಗೆ ಹೆಲೆಸ್ ಸ್ಮಾರಕ. ಸಮುದ್ರದ ಮೇಲೆ ಒಂಟಿಯಾಗಿ ನಿಂತ ಕಲ್ಲಿನ ಕಂಬ, ಸುತ್ತ ಹೆಸರಿನ ಗೋಡೆ. ಹಿಂದೂ, ಸಿಖ್ ಸೈನಿಕರಿಗೆ ದಹನ ಆಗಬೇಕಿತ್ತು. ಎಷ್ಟೋ ಜನರ ದೇಹ ಸಿಗಲೇ ಇಲ್ಲ. ಹಾಗಾಗಿ ನಮ್ಮವರ ಸಮಾಧಿ ಅಂತ ಹುಡುಕಿದರೆ ಬಹಳ ಕಡಿಮೆ ಸಿಗುತ್ತವೆ. ಗೋಡೆಯೇ ಅವರ ಗುರುತು. 14ನೇ ಸಿಖ್ ಫಲಕದ ಮುಂದೆ ನಿಂತರೆ ಸಿಂಗ್, ಸಿಂಗ್, ಸಿಂಗ್ ಅಂತ ಇಳಿಯುತ್ತಲೇ ಹೋಗುತ್ತದೆ. 1915ರ ಜೂನ್ 4ರಂದು ಹತ್ತಿರದ ಕಣಿವೆಯಲ್ಲಿ ಅವರು ಮುನ್ನುಗ್ಗಿದರು. ಮುಕ್ಕಾಲು ಪಾಲಿನಷ್ಟು ಜನ ಒಂದೇ ದಿನದಲ್ಲಿ ಸತ್ತರು ಇಲ್ಲವೇ ಗಾಯಗೊಂಡರು.

ಬರೆದುಕೊಂಡು ಹೋದ ಹತ್ತು ಹೆಸರನ್ನು ಇಲ್ಲಿ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಬೇಡ, ಬಾಯಿಬಿಟ್ಟು ಓದಿ. ಆ ಹೆಸರುಗಳನ್ನು ಅಲ್ಲಿ ಸರಿಯಾಗಿ ಉಚ್ಚರಿಸುವವರು ಬರುವುದು ಅಪರೂಪ. ಓದಿದ ಮೇಲೆ ಹಿಂದಿರುಗುವ ದಾರಿಯಲ್ಲಿ ಜಿಗಿನ್‌ದೆರೆ ಅನ್ನುವ ಕಣಿವೆಗೆ ಹೋಗಿ. ಸಿಖ್ಖರು ಸತ್ತ ಕಣಿವೆ ಇದೇ. ಅಲ್ಲೇ ತುರ್ಕಿಯವರು ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದ ಜಾಗದ ಸಮಾಧಿಯೂ ಇದೆ.

ಎರಡನೇ ದಿನ ಆನ್‌ಜಾಕ್

ಆನ್‌ಜಾಕ್ ಅಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇನೆ. ಅವರು ಇಳಿದ ದಡಕ್ಕೂ ಅದೇ ಹೆಸರು. ಎಲ್ಲರೂ ದಡದಿಂದ ಶುರು ಮಾಡಿ ಮೇಲೆ ಹೋಗುತ್ತಾರೆ. ನೀವು ಮೇಲಿನಿಂದ ಇಳಿಯಿರಿ. ಮೊದಲು ಜೊಂಕ್‌ಬಾಯಿರಿ ಶಿಖರ. ಅಲ್ಲಿ ನ್ಯೂಜಿಲೆಂಡ್‌ನ ಸ್ಮಾರಕ ಮತ್ತು ಮುಸ್ತಫಾ ಕೆಮಾಲ್ ಅವರ ವಿಗ್ರಹ ಪಕ್ಕಪಕ್ಕದಲ್ಲೇ ನಿಂತಿವೆ. ಆಗಸ್ಟ್ 8ರಂದು ವೆಲಿಂಗ್‌ಟನ್ ಬೆಟಾಲಿಯನ್ ಈ ತುದಿ ಹಿಡಿಯಿತು. ಸುಮಾರು 760 ಜನರಲ್ಲಿ ಗಾಯವಿಲ್ಲದೆ ಇಳಿದವರು ನೂರರೊಳಗೆ. ಮಾರನೇ ದಿನ ಪಕ್ಕದ ಏಣಿನ ಮೇಲೆ 6ನೇ ಗೂರ್ಖಾಗಳು ಹತ್ತಿದರು, ಉಳಿಯಲಾಗಲಿಲ್ಲ. ಆಗಸ್ಟ್ 10ರ ಬೆಳಗಿನ ಜಾವ ಕೆಮಾಲ್ ಅವರೇ ನಿಂತು ದಾಳಿ ಮಾಡಿಸಿ ಎಲ್ಲರನ್ನೂ ಕೆಳಗೆ ತಳ್ಳಿದರು. ಅವರ ಎದೆಗೆ ಬಡಿದ ಚೂರು ಜೇಬಿನ ಗಡಿಯಾರಕ್ಕೆ ತಾಗಿ ಜೀವ ಉಳಿಯಿತು ಅಂತ ಹೇಳುತ್ತಾರೆ. ಈ ತುದಿಯಿಂದ ಎರಡೂ ಕಡೆಯ ನೀರು ಕಾಣುತ್ತದೆ. ಯಾಕೆ ಇಷ್ಟು ಜನ ಈ ಒಂದು ಗುಡ್ಡಕ್ಕೆ ಸತ್ತರು ಅಂತ ಯಾರೂ ವಿವರಿಸಬೇಕಿಲ್ಲ.

ಇಳಿಯುತ್ತಾ 57ನೇ ರೆಜಿಮೆಂಟ್‌ನ ಸಮಾಧಿ ಸಿಗುತ್ತದೆ. ಏಪ್ರಿಲ್ 25ರ ಬೆಳಿಗ್ಗೆ ಕೆಮಾಲ್ ಇವರಿಗೆ, ನಿಮಗೆ ದಾಳಿ ಮಾಡಿ ಅಂತಲ್ಲ, ಸಾಯಿರಿ ಅಂತ ಹುಕುಂ ಕೊಡುತ್ತಿದ್ದೇನೆ ಅಂದರು ಅನ್ನುವುದು ತುರ್ಕಿಯ ಪ್ರತಿ ಮಗುವಿಗೂ ಗೊತ್ತು. ಆಮೇಲೆ ಬೊಂಬಾಸಿರ್ತ್. ಆಸ್ಟ್ರೇಲಿಯನ್ನರಿಗೆ ಅದು ಕ್ವಿನ್ಸ್ ಪೋಸ್ಟ್. ಇವತ್ತು ರಸ್ತೆ ಹೋಗಿರುವ ಜಾಗದ ಆಚೆ ಈಚೆ ಮೋರ್ಚಾಗಳು, ಅಂದರೆ ಸೈನಿಕರ ಕಂದಕಗಳು, ನಡುವೆ ಕೆಲವೇ ಮೀಟರ್. ಒಂದು ಹೆಸರಿನ ಜೊತೆ ಇನ್ನೊಂದು ಕಲಿಯಿರಿ. ಲೋನ್ ಪೈನ್ ಅಂದರೆ ಕಾನ್ಲಿಸಿರ್ತ್, ರಕ್ತದ ಏಣು. ತೆಪೆ ಅಂದರೆ ಗುಡ್ಡ, ದೆರೆ ಅಂದರೆ ಹಳ್ಳ. ಇಷ್ಟು ಗೊತ್ತಿದ್ದರೆ ಎರಡೂ ಕಡೆಯವರ ನಕ್ಷೆ ಓದಬಹುದು.

ಲೋನ್ ಪೈನ್ ಹತ್ತಿರ ನಿಂತಾಗ ಮೇ 24 ನೆನಪಿಸಿಕೊಳ್ಳಿ. ಮೇ 19ರಂದು ತುರ್ಕಿಯವರು ದೊಡ್ಡ ದಾಳಿ ಮಾಡಿ ಸುಮಾರು 3,000 ಜನರನ್ನು ಕಳೆದುಕೊಂಡರು. ಹೆಣಗಳು ಎರಡೂ ಮೋರ್ಚಾಗಳ ನಡುವೆ ಬಿಸಿಲಲ್ಲಿ ಬಿದ್ದಿದ್ದವು. ವಾಸನೆ ತಡೆಯಲಾಗಲಿಲ್ಲ. ಮಾತುಕತೆಗೆ ಬಂದ ತುರ್ಕಿ ಅಧಿಕಾರಿಯನ್ನು ಕಣ್ಣಿಗೆ ಬಟ್ಟೆ ಕಟ್ಟಿ ದಡದ ಮೇಲೆ ಕರೆದೊಯ್ದರು. ಮೇ 24ರ ಬೆಳಿಗ್ಗೆ 7.30ರಿಂದ ಸಂಜೆ 4.30ರವರೆಗೆ ಗುಂಡು ನಿಂತಿತು. ಎರಡೂ ಕಡೆಯವರು ಗುದ್ದಲಿ ಹಿಡಿದು ಅಕ್ಕಪಕ್ಕದಲ್ಲೇ ಹೂತರು, ಸಿಗರೇಟು ಹಂಚಿಕೊಂಡರು. ಸಮಯ ಮುಗಿದ ಮೇಲೆ ಮತ್ತೆ ಗುಂಡು ಶುರುವಾಯಿತು. ಇವತ್ತು ತುರ್ಕಿಯವರಿಗೂ ಆಸ್ಟ್ರೇಲಿಯಾದವರಿಗೂ ಇರುವ ಸ್ನೇಹ ಹುಟ್ಟಿದ್ದು ಹೀಗೆ. ಸುಮ್ನೆ ಚಂದದ ಮಾತಿನಿಂದ ಹುಟ್ಟಿದ್ದಲ್ಲ.

ಇದನ್ನು ಹೇಳಲು ಕಾರಣ ಇದೆ. ಎದುರಾಳಿಯ ಮಕ್ಕಳೂ ಈಗ ನಮ್ಮ ಮಕ್ಕಳೇ, ತಾಯಂದಿರೇ ಕಣ್ಣೀರು ಒರೆಸಿಕೊಳ್ಳಿ ಅನ್ನುವ ಅರ್ಥದ, 1934ರಲ್ಲಿ ಅತಾತುರ್ಕ್ ಹೇಳಿದರು ಅನ್ನುವ ಮಾತನ್ನು ನೀವು ಎಲ್ಲೆಡೆ ಕೇಳುತ್ತೀರಿ. 1985ರಲ್ಲಿ ತುರ್ಕಿ ಆ ದಡಕ್ಕೆ ಅಧಿಕೃತವಾಗಿ ಆನ್‌ಜಾಕ್ ಕೊಲ್ಲಿ ಅಂತ ಹೆಸರಿಟ್ಟಿತು. ಅದೇ ವರ್ಷ ಆಸ್ಟ್ರೇಲಿಯಾದವರು ಕ್ಯಾನ್‌ಬೆರಾದಲ್ಲಿ ಅತಾತುರ್ಕ್‌ಗೆ ಸ್ಮಾರಕ ಕಟ್ಟಿದರು. ಆ ಮಾತನ್ನು ಅವರೇ ಹೀಗೇ ಹೇಳಿದರಾ ಅನ್ನುವುದನ್ನು ಇತಿಹಾಸಕಾರರು ಪ್ರಶ್ನಿಸುತ್ತಾರೆ. ಹಾಗಾಗಿ ಅದನ್ನು ಅವರ ಬಾಯಿಂದ ಬಂದದ್ದೇ ಅಂತ ಬರೆಯಬೇಡಿ, ಅವರ ಹೆಸರಿನಲ್ಲಿ ಇರುವ ಮಾತು ಅಂತ ಬರೆಯಿರಿ. ಆದರೆ ಆ ಮಾತನ್ನು ಹಿಡಿದುಕೊಂಡು ಎಷ್ಟೋ ಮನೆಗಳವರು ಅಲ್ಲಿಗೆ ಬರುತ್ತಾರೆ. ಅವರ ಎದುರು ವಾದಕ್ಕೆ ನಿಲ್ಲಬೇಡಿ.

ಇನ್ನೊಂದು ವಿಷಯವನ್ನೂ ಮನಸ್ಸಿನಲ್ಲಿಡಿ. 1915ರ ಏಪ್ರಿಲ್ 24ರ ರಾತ್ರಿ, ಇಲ್ಲಿ ಸೈನಿಕರು ಇಳಿಯುವ ಹಿಂದಿನ ರಾತ್ರಿ, ಇಸ್ತಾಂಬುಲ್‌ನಲ್ಲಿ ಅರ್ಮೇನಿಯನ್ ಮುಖಂಡರನ್ನು ಬಂಧಿಸಿದರು. ಆಮೇಲೆ ಆ ಜನಕ್ಕೆ ಆದದ್ದು ಘೋರ. ಅವರಿಗೆ ಈ ಗುಡ್ಡದ ಮೇಲೆ ಕಲ್ಲಿಲ್ಲ. ನಾನು ಅವರಿಗೂ ಒಂದು ನಿಮಿಷ ನಿಲ್ಲುತ್ತೇನೆ.

ಕೊನೆಗೆ ದಡ. ಸಮುದ್ರದ ಪಕ್ಕದ ಬೀಚ್ ಸಿಮೆಟ್ರಿಯಲ್ಲಿ ಸಿಂಪ್ಸನ್ ಅನ್ನುವವರ ಸಮಾಧಿ ಇದೆ. ಕತ್ತೆಯ ಮೇಲೆ ಗಾಯಾಳುಗಳನ್ನು ಇಳಿಸುತ್ತಿದ್ದವರು, ಮೇ 19ರಂದು ಸತ್ತರು. ಆಸ್ಟ್ರೇಲಿಯಾದಲ್ಲಿ ಅವರು ಮನೆಮಾತು. ಅವರು ಇರುತ್ತಿದ್ದದ್ದು ನಮ್ಮ ಕೊಹಾಟ್ ಮೌಂಟನ್ ಬ್ಯಾಟರಿ ಅನ್ನುವ ಫಿರಂಗಿ ದಳದ ಖಚ್ಚರ್ ಲೈನಿನಲ್ಲಿ. ನಮ್ಮವರು ಅವರನ್ನು ಬಹಾದುರ್ ಅಂತ ಕರೆಯುತ್ತಿದ್ದರು. ಮಗಳಿಗೆ ಇದನ್ನು ಹೇಳಿದಾಗ ಅವಳು, ಅಪ್ಪಾ, ನಮ್ಮ ಶಾಲೆಯಲ್ಲಿ ಸಿಂಪ್ಸನ್ ಬಗ್ಗೆ ಮಕ್ಕಳಿಗೆ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ ಅಂದಳು. ಅವಳು ಅಲ್ಲಿ ಟೀಚರ್. ಈಗ ಹೇಳುತ್ತಾಳೆ. ಉತ್ತರಕ್ಕೆ ಸ್ವಲ್ಪ ದೂರದಲ್ಲಿ, ಸ್ಫಿಂಕ್ಸ್ ಅನ್ನುವ ಕಡಿದಾದ ಮಣ್ಣಿನ ಕೋಡಿನ ಪಕ್ಕ, ಹಳೇ ನಕ್ಷೆಗಳಲ್ಲಿ ಮ್ಯೂಲ್ ಗಲ್ಲಿ ಅಂತಿದೆ. ಹಗಲು ಶೆಲ್ ಬೀಳುತ್ತಿತ್ತು, ಹಾಗಾಗಿ ಹೊರೆ ಹೊರುವುದು ಹೆಚ್ಚಾಗಿ ರಾತ್ರಿ. ಆ ಇಳಿಜಾರಿನಲ್ಲಿ ಖಚ್ಚರ್‌ನ ಹಗ್ಗ ಹಿಡಿದು ಕತ್ತಲಲ್ಲಿ ಹತ್ತುವುದು ಅಂದರೆ ಏನು ಅಂತ ನನಗೆ ಗೊತ್ತು. ಹೊರೆ ಒಂದು ಬದಿಗೆ ಜಾರಿದರೆ ಪ್ರಾಣಿಯೂ ಹೋಯಿತು, ನೀರೂ ಹೋಯಿತು. ಅಲ್ಲಿ ನಾನು ಬಹಳ ಹೊತ್ತು ಕೂತಿದ್ದೆ.

ಏಪ್ರಿಲ್ 25ಕ್ಕೇ ಹೋಗುವುದಾದರೆ

ಆ ದಿನ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಸತ್ತವರ ನೆನಪಿಗೆ ನಡೆಸುವ ಬೆಳಗಿನ ಜಾವದ ಕಾರ್ಯಕ್ರಮಕ್ಕೆ ಮುಂಚೆಯೇ ಹೆಸರು ನೋಂದಾಯಿಸಬೇಕು. ರಾತ್ರಿಯೇ ಹೋಗಿ ಕೂರಬೇಕು. ಸಮುದ್ರದ ಗಾಳಿ ಮೂಳೆಗೆ ಹೊಕ್ಕುತ್ತದೆ. ಉಣ್ಣೆ ಟೋಪಿ, ಕೈಗವಸು, ಎರಡು ಸ್ವೆಟರ್ ಬೇಕೇ ಬೇಕು. ಮದ್ಯ ತರುವಂತಿಲ್ಲ. ಆಮೇಲೆ ಲೋನ್ ಪೈನ್‌ವರೆಗೆ ಏರುದಾರಿ ನಡೆಯಬೇಕು, ಮೊಣಕಾಲು ನೋವಿದ್ದವರು ಯೋಚಿಸಿ. ಅದೇ ಬೆಳಿಗ್ಗೆ ಸಾವಿರಾರು ತುರ್ಕಿ ಹುಡುಗ ಹುಡುಗಿಯರು 57ನೇ ರೆಜಿಮೆಂಟ್ ನಡೆದ ದಾರಿಯಲ್ಲಿ ಜೊಂಕ್‌ಬಾಯಿರಿಗೆ ನಡೆಯುತ್ತಾರೆ. ಒಂದು ಕಡೆಯವರು ದಡದಲ್ಲಿ, ಇನ್ನೊಂದು ಕಡೆಯವರು ಗುಡ್ಡದಲ್ಲಿ. ಆದರೂ ಮೊದಲ ಸಲಕ್ಕೆ ನಾನು ಹೇಳುವುದು ಅಕ್ಟೋಬರ್. ಜನ ಕಡಿಮೆ. ಓದಲು, ನಿಲ್ಲಲು ಸಮಯ ಸಿಗುತ್ತದೆ.

ಸಮಾಧಿಯ ಮುಂದೆ

ಮಳೆ ಬಂದ ಮೇಲೆ ಮಣ್ಣಿನಿಂದ ಗುಂಡು, ಅಂಗಿಯ ಗುಂಡಿ, ಕೆಲವೊಮ್ಮೆ ಮೂಳೆ ಮೇಲೆ ಬರುತ್ತದೆ. ಏನನ್ನೂ ಎತ್ತಿಕೊಳ್ಳಬೇಡಿ. ಕಾನೂನೂ ಬಿಡುವುದಿಲ್ಲ, ಅದು ಯಾರದೋ ಮನೆಯ ಮಗನದೂ ಹೌದು. ಗ್ಯಾಲಿಪೊಲಿಯ ಕಾಮನ್‌ವೆಲ್ತ್ ಸಮಾಧಿಕಲ್ಲುಗಳು ನೆಲಕ್ಕೆ ತಗ್ಗಾಗಿರುತ್ತವೆ, ಫೋಟೊಗೆ ಅದರ ಮೇಲೆ ಕೂರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆಸ್ಟ್ರೇಲಿಯಾದವರು ರೋಸ್‌ಮೇರಿ ಕಡ್ಡಿ ಇಡುತ್ತಾರೆ, ತುರ್ಕಿಯವರು ಕೆಂಪು ಕಾರ್ನೇಷನ್. ಎಜೆಆಬಾತ್‌ನಲ್ಲೇ ಒಂದಷ್ಟು ಹೂ ಕೊಂಡು ಎರಡೂ ಕಡೆ ಹಂಚಿ. ತುರ್ಕಿಯವರು ಸಮಾಧಿಗೆ ನೀರು ಹಾಕುವುದನ್ನೂ ನೋಡುತ್ತೀರಿ. ಅಂಗೈ ಮೇಲೆ ಮಾಡಿ ಫಾತಿಹಾ ಓದುವವರು ಪಕ್ಕದಲ್ಲಿದ್ದರೆ ಮಾತು ನಿಲ್ಲಿಸಿ, ಸುಮ್ಮನೆ ನಿಲ್ಲಿ. ಒಂದೇ ಒಂದು ವಾಕ್ಯ ಕಲಿತುಕೊಂಡು ಹೋಗಿ: ಬಾಶಿನಿಜ್ ಸಾ ಓಲ್ಸುನ್. ಸಾವಿನ ಮನೆಯಲ್ಲಿ ಹೇಳುವ ಮಾತು, ನೀವು ಚೆನ್ನಾಗಿರಿ ಅಂತ.

2024ರಲ್ಲಿ 57ನೇ ರೆಜಿಮೆಂಟ್‌ನ ಸಮಾಧಿಯಲ್ಲಿ ಒಬ್ಬ ಮುದುಕರು ಪ್ಲಾಸ್ಟಿಕ್ ಬಾಟಲಿಯಿಂದ ಕಲ್ಲುಗಳಿಗೆ ನೀರು ಹಾಕುತ್ತಾ ಬರುತ್ತಿದ್ದರು. ನಾನು ಆ ವಾಕ್ಯ ಹೇಳಿದೆ. ಅವರು ನನ್ನ ಮುಖ ನೋಡಿ, ಹಿಂದಿಸ್ತಾನ್? ಅಂದರು. ಹೌದು ಅಮ್ಜಾ ಅಂದೆ. ಅಮ್ಜಾ ಅಂದರೆ ಚಿಕ್ಕಪ್ಪ, ಅಲ್ಲಿ ಹಿರಿಯರನ್ನು ಹಾಗೇ ಕರೆಯುತ್ತಾರೆ. ಅವರ ಮೊಮ್ಮಗ ಫೋನಿನಲ್ಲಿ ಅನುವಾದ ಮಾಡುತ್ತಾ ಹೋದ. ನಿಮ್ಮವರೂ ಇಲ್ಲಿ ಸತ್ತರಾ ಅಂತ ಕೇಳಿದರು. ಹೆಲೆಸ್ ಗೋಡೆಯ ವಿಷಯ ಹೇಳಿದೆ. ಅವರು ನನಗೆ ಅದೇ ವಾಕ್ಯವನ್ನು ತಿರುಗಿ ಹೇಳಿದರು. ಆಮೇಲೆ, ನಮ್ಮವರು ಯಾರಾದರೂ ನಿಮ್ಮ ದೇಶದಲ್ಲಿ ಇದ್ದರಾ ಅಂದರು. ಆ ಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಬ್ರಿಟಿಷರು ನಮ್ಮ ಬಳ್ಳಾರಿಯಲ್ಲಿ ಶಿಬಿರ ಮಾಡಿ ಇಟ್ಟಿದ್ದರು ಅಂತ ಹೇಳಿದೆ. ಬಳ್ಳಾರಿ ಅನ್ನುವ ಹೆಸರನ್ನು ಅವರು ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಕೈಯಲ್ಲಿದ್ದ ಬಾಟಲಿ ಎತ್ತಿ ತೋರಿಸಿ, ಅಲ್ಲಿಗೆ ಹೋದರೆ ಸ್ವಲ್ಪ ನೀರು ಹಾಕಿ ಅಂದರು.

ಅದೇ ವರ್ಷ ಡಿಸೆಂಬರ್‌ನಲ್ಲಿ ಬಳ್ಳಾರಿಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಲೀಟರ್ ನೀರು ಕೊಂಡೆ. ಕೋಟೆ ಗುಡ್ಡದ ಬುಡದಲ್ಲಿ, ಬೇವಿನ ಮರದ ಕೆಳಗೆ, ಅಷ್ಟನ್ನೂ ನಿಧಾನವಾಗಿ ನೆಲಕ್ಕೆ ಹಾಕಿ ಬಂದೆ.